ದೇಶಕ್ಕೊಂದು ಅಡುಗೆಮನೆ

ನಾನು ಮೂರು ದೇಶ ನೋಡಿ ಬಂದವಳು ಎಂದು ಶಿಕಾರಿಪುರದ ನಮ್ಮ ಓಣಿಯ ಹೆಂಗಸರು ಹೇಳಿಕೊಳ್ಳುತ್ತಾರೆ. ದೇಶ ನೋಡಿದ್ದು ನನ್ನ ಗಂಡ. ನಾನು ನೋಡಿದ್ದು ಅಡುಗೆಮನೆ. ವಿಯೆಟ್ನಾಮಿನಲ್ಲಿ ಕರೆಂಟಿನ ಒಲೆ, ಗಾಜಿನ ಹಾಳೆಯಂಥದ್ದು. ಬೆರಳಿಂದ ತಡವಿದರೆ ಉರಿಯುತ್ತದೆ, ಒದ್ದೆ ಬೆರಳಾದರೆ ಕೂಗುತ್ತದೆ. ಮಲೇಷ್ಯಾದಲ್ಲಿ ಗ್ಯಾಸ್ ಇತ್ತು, ಆದರೆ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆದುಕೊಳ್ಳುತ್ತಿತ್ತು. ಥಾಯ್ಲೆಂಡಿನಲ್ಲಿ ಸಿಂಕು ಎಷ್ಟು ಚಿಕ್ಕದೆಂದರೆ ಅನ್ನದ ಪಾತ್ರೆಯನ್ನು ಬಚ್ಚಲಿಗೆ ಒಯ್ದು ತೊಳೆಯಬೇಕಿತ್ತು. ಅಲ್ಲಿಯ ರಾಜಧಾನಿ ಯಾವುದು, ನದಿ ಯಾವುದು ಎಂದು ಯಾರಾದರೂ ಕೇಳಿದರೆ ಅವರನ್ನೇ ಕೇಳಿ ಎನ್ನುತ್ತೇನೆ.

ನಾನು ಸರ್ಕಾರಿ ನರ್ಸು. ಹುಟ್ಟಿದ್ದು ಸೊರಬದ ಹೊಸಬಾಳೆಯಲ್ಲಿ, ಮದುವೆಯಾಗಿ ಬಂದದ್ದು ಶಿಕಾರಿಪುರಕ್ಕೆ. ಎರಡೂ ತಾಲ್ಲೂಕಿನ ಹಳ್ಳಿಗಳಲ್ಲಿ ಕೂಸುಗಳ ತೊಡೆಗೆ, ಮುದುಕರ ಕುಂಡೆಗೆ ಸೂಜಿ ಚುಚ್ಚುತ್ತ ಸರ್ವೀಸು ಮುಗಿಸಿದೆ. ನನ್ನ ಗಂಡ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರು. ಪಹಣಿ, ಖಾತೆ, ಪೋಡಿ ಎಂದು ಜನರನ್ನು ಕೌಂಟರಿನ ಆಚೆ ನಿಲ್ಲಿಸಿ ನಾಳೆ ಬಾ ಎನ್ನುವುದೇ ಅವರ ಉದ್ಯೋಗವಾಗಿತ್ತು. ಅದರಲ್ಲಿ ಅವರು ಬಹಳ ಪಳಗಿದ್ದರು.

ನಮಗೆ ಮಕ್ಕಳಿಲ್ಲ. ಯಾರಲ್ಲಿ ತೊಂದರೆ ಎಂದು ನೋಡಲು ಮೊದಲು ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕೊಡೋಣ ಎಂದು ಒಮ್ಮೆ ಕೇಳಿದ್ದೆ. ಅವರು ಸೂಜಿಗೆ ಹೆದರುವ ಜಾತಿ. ನಾನೇ ತೆಗೆಯುತ್ತೇನೆ, ನೋವಾಗದ ಹಾಗೆ ತೆಗೆಯುತ್ತೇನೆ ಎಂದರೂ ತೋಳು ಕೊಡಲಿಲ್ಲ. ಅವರು ರಕ್ತ ಕೊಡದಿದ್ದರಿಂದ ತೊಂದರೆ ನನ್ನದೇ ಎಂದು ಊರಲ್ಲಿ ಇತ್ಯರ್ಥವಾಯಿತು. ಆ ತೀರ್ಮಾನ ಬದಲಾಗಲಿಲ್ಲ, ನಾನೂ ಬದಲಾಯಿಸಲು ಹೋಗಲಿಲ್ಲ.

ಪರದೇಶದ ಆಸೆ ಹುಟ್ಟಿದ್ದು ಅವರ ಮೊಬೈಲಿನಲ್ಲಿ. ನಿವೃತ್ತಿಯಾದ ಮೇಲೆ ಜಗಲಿಯ ಮೇಲೆ ಕೂತು ಇಡೀ ದಿನ ಅದನ್ನೇ ನೋಡುತ್ತಿದ್ದರು. ಯಾರೋ ನಿವೃತ್ತ ದಂಪತಿ ಮೂರು ತಿಂಗಳು ಒಂದು ದೇಶ, ಎರಡು ತಿಂಗಳು ಇನ್ನೊಂದು ದೇಶ ಎಂದು ಮನೆ ಬಾಡಿಗೆ ಹಿಡಿದು ಬದುಕುತ್ತಾರಂತೆ. ಟೂರಿನವರ ಹಾಗೆ ಓಡುವುದಿಲ್ಲ, ಹೋಟೆಲಿಗೆ ಸುರಿಯುವುದಿಲ್ಲ, ತಿಂಗಳ ಬಾಡಿಗೆಗೆ ಸಮುದ್ರದ ಎದುರು ಮನೆ. ಇವರು ಒಂದು ಸಂಜೆ ಕನ್ನಡಕ ತೆಗೆದು ಘೋಷಿಸಿದರು.

“ಇಲ್ಲಿ ಕುಂತು ತಿನ್ನೋದೂ ಅಷ್ಟ, ಅಲ್ಲಿ ಕುಂತು ತಿನ್ನೋದೂ ಅಷ್ಟ. ಮತ್ಯಾಕ ಇಲ್ಲಿ ಕುಂದ್ರಬೇಕು?”

ಖುಷಿಗೆ ನನ್ನ ಎದೆ ಹಾರಿತು. ಸುಳ್ಳು ಹೇಳುವುದಿಲ್ಲ, ಮದುವೆಯ ದಿನವೂ ಅಷ್ಟು ಹಾರಿರಲಿಲ್ಲ. ಮದುವೆಯಾದ ಲಾಗಾಯ್ತಿನಿಂದ ನಾವಿಬ್ಬರೂ ಒಟ್ಟಿಗೆ ಹೊರಟು ಎಲ್ಲಿಗೂ ಹೋದವರಲ್ಲ. ಅವರು ಶಿರಾಳಕೊಪ್ಪದ ಸಂತೆಗೆ ಹೋದರೂ ಚೀಲ ಹಿಡಿದು ಒಬ್ಬರೇ ಹೋಗುವವರು. ನನಗೆ ಏನು ತರಲಿ ಎಂದು ಕೇಳುವರೇ ಹೊರತು ಬರುತ್ತೀಯಾ ಎಂದು ಕೇಳುವವರಲ್ಲ. ಪರದೇಶದಲ್ಲಿ ಅವರಿಗೆ ಗುರುತಿನವರು ಯಾರಿರುತ್ತಾರೆ, ಅಲ್ಲಾದರೂ ಜೊತೆಗೆ ನನ್ನನ್ನು ಕರೆಯಲೇಬೇಕಲ್ಲ ಎಂದು ಲೆಕ್ಕ ಹಾಕಿದೆ. ನನಗೆ ಬೇಕಿದ್ದದ್ದು ಅಷ್ಟೇ. ದೇಶ ಯಾವುದಾದರೂ ಆಗಲಿ, ಗಂಡ ಹೊರಡುವಾಗ ನನ್ನನ್ನೂ ಕರೆದುಕೊಂಡು ಹೊರಡಬೇಕು, ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಕರೆದುಕೊಂಡೇನೋ ಹೊರಟರು, ಹಂಚಿನ ಜೊತೆಗೆ. ಅಲ್ಲಿ ಹೊರಗೆ ಉಣ್ಣುವಂತಿಲ್ಲ ಎಂಬುದು ಅವರ ಮೊದಲ ಶರತ್ತು. “ಹೊರಗ ತಿಂದ್ರ ಪಿಂಚಣಿನೂ ಹೊಕ್ಕತಿ, ಜಾತಿನೂ ಹೊಕ್ಕತಿ” ಎಂದರು. ದೊಡ್ಡ ಪೆಟ್ಟಿಗೆಗಳಿಗೆಲ್ಲ ಬೇಳೆ, ಚಟ್ನಿಪುಡಿ, ಸಾಂಬಾರಪುಡಿ, ಮೆಂತ್ಯದ ಹಿಟ್ಟು, ಹಪ್ಪಳ ತುಂಬಿದ್ದರಿಂದ ನನ್ನ ಸೀರೆಗಳಿಗೆ ಜಾಗ ಉಳಿಯಲಿಲ್ಲ. ರೊಟ್ಟಿಯ ಕಬ್ಬಿಣದ ಹಂಚನ್ನು ಕೈಚೀಲಕ್ಕೆ ಹಾಕಿದರು. ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಸಿಕ್ಕಿಬಿತ್ತು. ಯೂನಿಫಾರ್ಮಿನ ಹುಡುಗಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಅಮ್ಮಾ, ಇದರಲ್ಲಿ ಯಾರಿಗಾದ್ರೂ ಹೊಡೆದ್ರೆ ಸತ್ತೇ ಹೋಗ್ತಾರೆ, ಒಳಗೆ ಬಿಡೋಕಾಗಲ್ಲ” ಎಂದಳು. ಆ ಮಾತು ನನಗೆ ಆಗ ಬರೀ ನಗು ತರಿಸಿತು. ಇವರು ಕಚೇರಿಯ ಗತ್ತಿನಲ್ಲಿ ವಾದ ಮಾಡಿ, ಸೋತು, ಮತ್ತೆ ಹೊರಗೆ ಹೋಗಿ ಹಂಚಿಗೆ ಪ್ಲಾಸ್ಟಿಕ್ ಸುತ್ತಿಸಿ ಸಾಮಾನಿನ ಜೊತೆ ಕಳಿಸಿ ಬಂದರು. ಹಂಚು ನಮಗಿಂತ ಮೊದಲು ವಿಮಾನ ಹತ್ತಿತು.

ವಿಯೆಟ್ನಾಮಿನ ದನಾಂಗ್ ಎಂಬ ಊರಿನಲ್ಲಿ ಎತ್ತರದ ಕಟ್ಟಡದ ಮನೆ. ಒಳ್ಳೆಯ ಮನೆಯೇ, ಮೆತ್ತನೆಯ ಹಾಸಿಗೆ, ಬಿಸಿನೀರು, ಬಟ್ಟೆ ಒಗೆಯುವ ಮೆಶೀನು. ಅಡುಗೆಮನೆಯ ಕಿಟಕಿಯಿಂದ ಸಮುದ್ರದ ಒಂದು ತುಂಡು ಕಾಣುತ್ತಿತ್ತು. ಬೆಳಗಿನ ಕಾಫಿ, ಆಮೇಲೆ ತಿಂಡಿ, ಮಧ್ಯಾಹ್ನ ರೊಟ್ಟಿ ಪಲ್ಯ ಅನ್ನ ಸಾರು, ರಾತ್ರಿ ಮತ್ತೆ ರೊಟ್ಟಿ. ಕುದಿಯುವ ನೀರಿಗೆ ಅಕ್ಕಿಹಿಟ್ಟು ಸುರಿದು, ಮುದ್ದೆ ಕಲಸಿ, ಸುಡುಸುಡು ನಾದಿ ತಟ್ಟುವಷ್ಟರಲ್ಲಿ ನನ್ನ ಅಂಗೈ ಶಿಕಾರಿಪುರದಲ್ಲಿ ಹೇಗೆ ಉರಿಯುತ್ತಿತ್ತೋ ಅಲ್ಲಿಯೂ ಹಾಗೆಯೇ ಉರಿಯುತ್ತಿತ್ತು. ಅಲ್ಲಿನ ಜನ ಕಾಗದದಷ್ಟು ತೆಳ್ಳಗಿನ ಅಕ್ಕಿಯ ಹಾಳೆ ಮಾರುತ್ತಾರೆ. ಇವರು ಒಂದು ದಿನ ಅದನ್ನು ನೋಡಿ ಬಂದು, “ಇವ್ರೂ ಅಕ್ಕಿ ರೊಟ್ಟಿ ತಿಂತಾರ, ಆದ್ರ ಸುಡಾಕ ಹೆಂಡ್ತಿಯರಿಗೆ ಪುರಸೊತ್ತಿಲ್ಲ” ಎಂದು ನಕ್ಕರು.

ದಿನಾ ಬೂಟು ಹಾಕಿಕೊಂಡು ಸಮುದ್ರದ ದಂಡೆಗೆ ಹೋಗುತ್ತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಬೂಟಿನ ದಾರ ಕಟ್ಟುವಷ್ಟು ಹೊತ್ತು ನನ್ನ ಜೀವ ಕಿವಿಯಲ್ಲಿರುತ್ತಿತ್ತು. ಅವರು ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ವಾಪಸು ಬಂದು ಊಟಕ್ಕೆ ಕೂತು ಸಮುದ್ರ ಇವತ್ತು ಹೇಗಿತ್ತು, ಅಲೆ ಎಷ್ಟು ಎತ್ತರ ಬಂತು, ಮುದುಕರು ಹೇಗೆ ಈಜಿದರು ಎಂದು ನನಗೆ ವರದಿ ಒಪ್ಪಿಸುತ್ತಿದ್ದರು. ಕಿಟಕಿಯಲ್ಲಿ ಕಾಣುವ ಸಮುದ್ರವನ್ನು ಇನ್ನೊಬ್ಬರ ಬಾಯಿಂದ ಕೇಳುವ ಹಣೆಬರಹ ಯಾವ ಹೆಂಗಸಿಗೂ ಬೇಡ.

ಒಂದು ದಿನ ಅವರು ಹೊಟ್ಟೆ ಕೆಟ್ಟು ಮಲಗಿದರು. ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ನಿದ್ದೆ ಹತ್ತಿದ ಮೇಲೆ ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ. ರಸ್ತೆ ದಾಟಿದರೆ ಸಮುದ್ರ. ಅಷ್ಟೇ ದೂರ! ಸೀರೆ ಒದ್ದೆ ಮಾಡಿಕೊಂಡು ನೀರಲ್ಲಿ ನಿಂತೆ. ಕುಳ್ಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರ ಕಡೆಯ ಕಡುಕಪ್ಪು ಕಾಫಿ ಕುಡಿದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಇಷ್ಟು ಸುಖ ಇಷ್ಟು ಹತ್ತಿರದಲ್ಲಿತ್ತು ಎಂಬುದಕ್ಕೆ ಅಳು ಬಂತು, ಪಕ್ಕದ ಕುರ್ಚಿ ಖಾಲಿ ಇದ್ದದ್ದಕ್ಕೂ ಅಳು ಬಂತು. ಅಂಥ ಮನುಷ್ಯನನ್ನೇ ಆ ಕುರ್ಚಿಯಲ್ಲಿ ಕೂರಿಸಬೇಕೆಂದು ಆಸೆಪಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!

ಮನೆಗೆ ಬಂದು, “ನಾಳೆಯಿಂದ ಇಬ್ರೂ ಹೋಗೋಣ್ರೀ, ರಸ್ತೆ ದಾಟಿದ್ರೆ ಸಾಕು” ಎಂದೆ.

“ಇಬ್ರೂ ಹೋದ್ರ ಒಲಿ ಮುಂದ ಯಾರು? ನೀ ನೋಡಿ ಬಂದಿಯಲ್ಲ, ಆತು ಬಿಡು” ಎಂದರು. ತಾಲ್ಲೂಕು ಕಚೇರಿಯಲ್ಲಿ ಅರ್ಜಿಗೆ ಷರಾ ಬರೆದು ಮುಗಿಸುತ್ತಿದ್ದದ್ದೂ ಹೀಗೆಯೇ. ನಾನು ಮೇಲ್ಮನವಿ ಹಾಕಲಿಲ್ಲ.

ಮಲೇಷ್ಯಾದಲ್ಲಿ ಒಂದು ತಿಂಗಳು ಇದ್ದು ಊರಿಗೆ ಬಂದೆವು. ಊರಲ್ಲಿ ಅವರ ಮಾತಿಗೆ ಬೆಲೆ ಬಂದಿತ್ತು. ಕಟ್ಟೆಯ ಮೇಲೆ ಕೂತು ಕಡಿಮೆ ಖರ್ಚಿನಲ್ಲಿ ಪರದೇಶದಲ್ಲಿ ಸುಖವಾಗಿರುವುದು ಹೇಗೆಂದು ಭಾಷಣ ಮಾಡುತ್ತಿದ್ದರು. ತಿಂಗಳ ಲೆಕ್ಕದಲ್ಲಿ ಮನೆ ಹಿಡೀರಿ, ಸೀಸನ್ ಬಿಟ್ಟು ಹೋಗ್ರಿ, ಬಸ್ಸಲ್ಲಿ ಓಡಾಡ್ರಿ, ಮನೇಲೇ ಉಣ್ರಿ. ಮನೆಯಲ್ಲಿ ಉಣ್ಣುವುದಕ್ಕೆ ಅಡುಗೆ ಮಾಡುವ ಪ್ರಾಣಿಯೊಂದು ಬೇಕು ಎಂಬ ಸಂಗತಿ ಭಾಷಣದಲ್ಲಿ ಬರುತ್ತಿರಲಿಲ್ಲ. ಆ ಭಾಷಣ ಕೇಳಿಯೇ ಅವರ ಅಕ್ಕ ಹೊರಟು ನಿಂತರು.

ಅವರ ಅಕ್ಕ, ನನಗೆ ಅತ್ತಿಗೆ, ಕುಪ್ಪಗಡ್ಡೆಗೆ ಕೊಟ್ಟ ಹೆಣ್ಣು. ಗಂಡ ತೀರಿಕೊಂಡು, ನಾಲ್ಕು ಮಕ್ಕಳೂ ಊರು ಬಿಟ್ಟ ಮೇಲೆ ಗದ್ದೆ ತೋಟ ಎಲ್ಲವನ್ನೂ ತಾವೇ ನಿಂತು ಮಾಡಿಸುವವರು. ಆಳುಗಳು ಅವರ ನೆರಳು ಕಂಡರೆ ಬೀಡಿ ಬಿಸಾಕುತ್ತಿದ್ದರು. ಥಾಯ್ಲೆಂಡಿನ ಚಿಯಾಂಗ್ ಮೈಯಲ್ಲಿ ಇವರು ಹಿಡಿದ ಮನೆಗೆ ಎರಡು ಕೋಣೆ. “ಒಂದ್ ರೂಮು ಖಾಲಿ ಬಿದ್ದಿರ್ತತಿ. ಬಾಡಿಗಿ ಏನ್ ಹೆಚ್ಚಾಗಂಗಿಲ್ಲ, ಅಕ್ಕನೂ ಬರ್ಲಿ” ಎಂದರು. ಅಕ್ಕನಿಗೆ ಫೋನ್ ಮಾಡಿ, ಟಿಕೆಟ್ ಮಾಡಿಸಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದ್ದೂ ಅವರೇ. ಕರೆಯಲು ಬಾರದ ಮನುಷ್ಯ ಇವರು ಎಂದು ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಕರೆಯಲು ಚೆನ್ನಾಗಿಯೇ ಬರುತ್ತಿತ್ತು.

ಅತ್ತಿಗೆ ಸ್ನಾನ, ಲಿಂಗಪೂಜೆ ಮುಗಿಯದೆ ನೀರೂ ಮುಟ್ಟುವವರಲ್ಲ. ಅದು ಅವರ ನೇಮ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವರ ಸ್ನಾನಕ್ಕೆ ಮೊದಲು ನನ್ನ ಸ್ನಾನವಾಗಿ ಒಲೆ ಹತ್ತಿರಬೇಕು, ಬೆಳಗಿನ ಪಲ್ಯ ಮಧ್ಯಾಹ್ನಕ್ಕೆ ಆಗದು, ಮಧ್ಯಾಹ್ನದ ಸಾರು ರಾತ್ರಿಗೆ ಆಗದು. ತಿಂದು, ಉಡಿಯಲ್ಲಿ ಎಲೆ ಅಡಿಕೆ ಸಿಕ್ಕಿಸಿಕೊಂಡು, ಅಕ್ಕ ತಮ್ಮ ಇಬ್ಬರೂ ಬುದ್ಧನ ಗುಡಿಗಳನ್ನು ನೋಡಲು ಹೊರಡುತ್ತಿದ್ದರು. ವಾಪಸು ಬಂದು ಅತ್ತಿಗೆ, ದೇವರು ಕಣ್ಣು ಮುಚ್ಚಿ ಕೂತಿದ್ದಾನೆ, ಕೇಳಿದ್ದು ಕೇಳಿಸ್ತೋ ಇಲ್ವೋ ಗೊತ್ತಾಗಲ್ಲ ಎಂದು ದೂರುತ್ತಿದ್ದರು. ಒಂದು ಮಧ್ಯಾಹ್ನ ರೊಟ್ಟಿ ತಡವಾಯಿತು. ಕರೆಂಟಿನ ಸುರುಳಿ ಒಲೆ ಕಾಯುವುದೇ ತಡ.

“ಹೆತ್ತಿದ್ರೆ ಕೈ ಚುರುಕಾಗಿರೋದು. ನಾಕು ಮಕ್ಕಳಿಗೆ ಹಾಕಿ ಗೊತ್ತಿದ್ದೋರಿಗೆ ರೊಟ್ಟಿ ಎಂಥ ದೊಡ್ಡ ಕೆಲಸ” ಎಂದರು ಅತ್ತಿಗೆ, ಪುಟಾಣಿ ಚಟ್ನಿ ನೆಕ್ಕುತ್ತ.

ನಾನು ಗಂಡನ ಮುಖ ನೋಡಿದೆ. ಅವರು ತಟ್ಟೆ ನೋಡುತ್ತಿದ್ದರು. ವಿಮಾನ ನಿಲ್ದಾಣದ ಹುಡುಗಿ ಹಂಚಿನ ಬಗ್ಗೆ ಹೇಳಿದ್ದು ಆಗ ನೆನಪಾಯಿತು, ನಗು ಬರಲಿಲ್ಲ.

ಇದಾಗಿ ಕೆಲವೇ ದಿನ. ಬೆಳಗಿನ ತಿಂಡಿಗೆ ಕೂತಿದ್ದಾಗ ನನ್ನ ಗಂಡನ ಬಲಗೈಯಿಂದ ರೊಟ್ಟಿಯ ಚೂರು ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಹೋಗಲಿಲ್ಲ. ತುಟಿಯ ಒಂದು ಕೊನೆ ಕೆಳಗಿಳಿದು ಪಲ್ಯದ ರಸ ಗದ್ದಕ್ಕೆ ಹರಿಯಿತು. ನನಗೆ ಯಾರೂ ಹೇಳಬೇಕಿರಲಿಲ್ಲ, ಲಕ್ವ. ಕೆಳಗೆ ಓಡಿ ಕಟ್ಟಡದ ಕಾವಲಿನವನ ಕಡೆಯಿಂದ ಆಂಬುಲೆನ್ಸ್ ಕರೆಸಿದೆ. ಬೇಗನೇ ಬಂತು, ಬೇಗನೇ ಆಸ್ಪತ್ರೆ ಮುಟ್ಟಿದೆವು. ಡಾಕ್ಟರು ತಲೆಯ ಚಿತ್ರ ತೆಗೆಸಿ, ಮೊಬೈಲಿನಲ್ಲಿ ಭಾಷೆ ಬದಲಿಸಿ ನಮಗೆ ಓದಿ ಹೇಳಿದರು. ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಸೂಜಿ ಇದೆ, ಆದರೆ ಈಗಲೇ ಹಾಕಬೇಕು, ತಡವಾದರೆ ಹಾಕುವಂತಿಲ್ಲ. ಅಪಾಯವೂ ಉಂಟು, ಗುಣವೂ ಉಂಟು, ನೀವು ಒಪ್ಪಬೇಕು ಎಂದರು.

“ಸೂಜಿ ಹಾಕಿಸ್ಬ್ಯಾಡ!” ಎಂದು ಅತ್ತಿಗೆ ಕಿರುಚಿದರು. “ಸೂಜಿ ಬಿದ್ರೆ ನಾಟಿ ಔಷಧಿ ಹತ್ತಲ್ಲ. ನಮ್ಮೂರಲ್ಲಿ ಎಷ್ಟು ಜನಕ್ಕೆ ಕೊಡಿಸೀನಿ, ಎದ್ದು ಓಡಾಡ್ತಾರೆ. ನಾಳೆ ವಿಮಾನ ಹತ್ತಿದ್ರೆ ನಾಡಿದ್ದು ಔಷಧಿ ಬಾಯಿಗೆ ಹಾಕಬೌದು. ಸೂಜಿ ಒಂದು ಬ್ಯಾಡ.”

ಈ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಲಕ್ವ ಹೊಡೆದವರಿಗೆ ಸೊರಬದ ಆಚೆಯ ಕಾಡಂಚಿನ ಹಳ್ಳಿಗಳಲ್ಲಿ ಬೇರು ಸೊಪ್ಪು ಅರೆದು ಕೊಡುವವರಿದ್ದಾರೆ. ಇಂಗ್ಲಿಷ್ ಸೂಜಿ ಮೈಗೆ ಹೋದರೆ ಆ ಔಷಧಿ ಕೆಲಸ ಮಾಡದು ಎಂಬುದು ಜನರ ಗಟ್ಟಿ ನಂಬಿಕೆ. ನನ್ನ ಸರ್ವೀಸಿನಲ್ಲಿ ಎಷ್ಟೋ ಜನ ನಾನು ಸಿರಿಂಜಿಗೆ ಔಷಧಿ ಏರಿಸುವಷ್ಟರಲ್ಲಿ ರೋಗಿಯನ್ನು ಹೊತ್ತುಕೊಂಡು ಆಸ್ಪತ್ರೆಯಿಂದ ಪರಾರಿಯಾಗಿದ್ದರು. ಅವರನ್ನು ಬೈದು ಬೈದು ನನ್ನ ಗಂಟಲು ಕೆಟ್ಟಿತ್ತು. ಅದೇ ಮಾತನ್ನು ಕಡಲು ದಾಟಿ ಬಂದು, ನನ್ನ ಗಂಡನ ಮಂಚದ ಪಕ್ಕದಲ್ಲಿ ಕೇಳಿಸಿಕೊಳ್ಳುವೆನೆಂದು ಎಣಿಸಿರಲಿಲ್ಲ.

“ರೀ, ನಾನು ಹೇಳೋದು ಕೇಳ್ರೀ. ಇದೊಂದು ಸಲ ಕೇಳ್ರೀ” ಎಂದು ಕೈ ಮುಗಿದೆ. ಅವರಿಗೆ ಎಚ್ಚರವಿತ್ತು, ಎಲ್ಲ ಕೇಳಿಸುತ್ತಿತ್ತು. ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ನಾನು ತೋಳು ಹಿಡಿದುಕೊಳ್ಳಲು ಹೋದರೆ ಇನ್ನೂ ಬಲವಿದ್ದ ಎಡಗೈಯಿಂದ ನನ್ನನ್ನು ನೂಕಿ ಅಕ್ಕನ ಸೆರಗು ಹಿಡಿದುಕೊಂಡರು. ಡಾಕ್ಟರು ಮೂರು ಬಾರಿ ಕೇಳಿದರು. ಕೂಗಿದೆ, ಅತ್ತಿಗೆಯ ಕಾಲು ಹಿಡಿದೆ, ಕೆಟ್ಟ ಮಾತಲ್ಲಿ ಬೈದೂ ಬಿಟ್ಟೆ. ಎಚ್ಚರವಿರುವ ರೋಗಿ ಬೇಡವೆಂದರೆ ನಾವು ಹಾಕುವಂತಿಲ್ಲ ಎಂದು ಡಾಕ್ಟರು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ಇನ್ನು ಹಾಕುವ ಹೊತ್ತು ಮೀರಿತು ಎಂದರು. ಅತ್ತಿಗೆ ತಮ್ಮನ ಹಣೆಗೆ ವಿಭೂತಿ ಹಚ್ಚಿ, “ಬದುಕಿದೆಯಪ್ಪ” ಎಂದು ಸಮಾಧಾನದ ಉಸಿರು ಬಿಟ್ಟರು.

ನಾಳೆ ವಿಮಾನ ಹತ್ತುವ ಮಾತಂತೂ ಆಗಲಿಲ್ಲ. ಅಂಥ ರೋಗಿಯನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ಬರೀ ಮಾತ್ರೆಯ ಮೇಲೆ ಕೆಲವು ದಿನ, ಆ ಮನೆಯಲ್ಲಿ ಕೆಲವು ವಾರ ಕಳೆದು, ಗಾಲಿಕುರ್ಚಿಯಲ್ಲಿ ಊರಿಗೆ ಬಂದೆವು. ಬಲಗಡೆ ಪೂರ್ತಿ ಬಿದ್ದಿತ್ತು. ಮಾತು ಇರಲಿಲ್ಲ, ಬರೀ ಗಂಟಲ ಸದ್ದು. ಅತ್ತಿಗೆ ನಾಟಿ ಔಷಧಿ ತರಿಸಿ ಮೊದಲ ಗುಟುಕನ್ನು ತಾವೇ ಕುಡಿಸಿದರು. ಪಥ್ಯವನ್ನೂ ಹೇಳಿದರು, ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಮಾರನೆಯ ದಿನವೇ ಚೀಲ ಕಟ್ಟಿದರು.

“ಅಡಿಕೆ ಕೊನೆ ಕೊಯ್ಲು ಶುರು ಆಗೈತೆ, ಆಳುಗಳನ್ನ ನಂಬಂಗಿಲ್ಲ. ನಿನಗೇನು, ನರ್ಸು ಕೆಲಸ ಮಾಡಿದೋಳು, ರೂಢಿ ಐತೆ” ಎಂದು ಕುಪ್ಪಗಡ್ಡೆಯ ಕಡೆ ಹೊರಟರು.

ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ಮನೆಯಲ್ಲೇ ನರ್ಸಮ್ಮ ಇದ್ದಾಳೆ, ಪುಣ್ಯವಂತ. ಪುಣ್ಯವಂತನನ್ನು ಹೊರಳಿಸಿ ಮಲಗಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು ನನ್ನ ಪಾಲಿಗೆ ಬಂತು. ಅವರ ಎಡಗೈ ಚೆನ್ನಾಗಿತ್ತು. ಸಪ್ಪೆ ಗಂಜಿಯನ್ನು ಬಾಯಿಗಿಟ್ಟರೆ ಲೋಟ ಸಮೇತ ಗೋಡೆಗೆ ಎಸೆಯುತ್ತಿದ್ದರು. ನಾನು ನೆಲ ಒರೆಸಿ, ಇನ್ನೊಂದು ಲೋಟ ಸಪ್ಪೆ ಗಂಜಿ ತಂದು ಹಿಡಿಯುತ್ತಿದ್ದೆ. “ಅಕ್ಕ ಹೇಳಿದ ಪಥ್ಯ, ಉಪ್ಪು ಹಾಕಂಗಿಲ್ಲ” ಎನ್ನುತ್ತಿದ್ದೆ. ಆಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ರಾಕ್ಷಸಿ ಎನ್ನುವವರು ಎನ್ನಲಿ. ಅವರು ಒಂದು ತಿಂಗಳು ಬಂದು ಲೋಟ ಹಿಡಿದು ನೋಡಲಿ, ಆಮೇಲೆ ಎನ್ನಲಿ.

ಆ ದಿನಗಳಲ್ಲಿ ಅವರ ಮೊಬೈಲು ನನ್ನ ಕೈಗೆ ಬಂತು. ಅವರು ಮಲಗಿದಾಗ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ದನಾಂಗಿನ ಮನೆಗಳು, ಬಾಡಿಗೆ, ವೀಸಾ. ಎಲ್ಲವನ್ನೂ ಅವರು ಮಾಡುವಾಗ ಹಿಂದೆ ನಿಂತು ನೋಡಿದ್ದೆನಲ್ಲ, ಕಷ್ಟವೇನಾಗಲಿಲ್ಲ. ವೀಸಾಕ್ಕೆ ಎಷ್ಟು ಜನ ಎಂದು ಕೇಳುವಲ್ಲಿ ಒಬ್ಬರು ಎಂದು ಒತ್ತಿದೆ.

ಹೊರಡುವ ಮುನ್ನಾದಿನ ಬಾಡಿಗೆ ಕಾರು ಮಾಡಿ, ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿಕೊಂಡು, ಶಿರಾಳಕೊಪ್ಪದ ಮೇಲೆ ಸೊರಬ ದಾಟಿ ಕುಪ್ಪಗಡ್ಡೆಗೆ ಹೋದೆ. ಅತ್ತಿಗೆ ಅಂಗಳದಲ್ಲಿ ನಿಂತು ಅಡಿಕೆ ಹರವಿಸುತ್ತಿದ್ದರು. ಕಾರು ನೋಡಿ, ಔಷಧಿ ಹತ್ತಿ ತಮ್ಮ ಓಡಾಡುವಂತಾದನೇನೋ ಎಂದು ನಗುತ್ತ ಬಂದರು. ಡ್ರೈವರು ಮತ್ತು ಇಬ್ಬರು ಆಳುಗಳು ನನ್ನ ಗಂಡನನ್ನು ಎತ್ತಿ ಪಡಸಾಲೆಯಲ್ಲಿ ಮಲಗಿಸಿದರು. ನಾನು ಬಟ್ಟೆಯ ಗಂಟು, ಮಾತ್ರೆಯ ಡಬ್ಬಿ, ನಾಟಿ ಔಷಧಿಯ ಬಾಟಲಿ ಪಕ್ಕದಲ್ಲಿಟ್ಟೆ.

“ಎಂಥದೇ ಇದು?” ಎಂದರು ಅತ್ತಿಗೆ.

“ಸೂಜಿ ಬ್ಯಾಡ ಅಂದೋರು ನೀವು. ಒಂದು ಸೂಜಿನೂ ಬಿದ್ದಿಲ್ಲ ನೋಡ್ರಿ, ನೀವು ಕೇಳಿದಂಗೇ ತಂದು ಒಪ್ಪಿಸೀನಿ. ನಿಮ್ಮ ಔಷಧಿ ಹತ್ತೋ ತನಕ ಇಲ್ಲೇ ಇರ್ಲಿ.”

“ನೀನೆಲ್ಲಿಗೆ ಹೋಗ್ತೀ?”

“ಸಮುದ್ರಕ್ಕೆ.”

ಹಾರಿಕೊಳ್ಳಲು ಹೋಗುತ್ತಾಳೆ ಎಂದುಕೊಂಡಿರಬೇಕು, ಒಂದು ಕ್ಷಣ ಅವರ ಮುಖ ಬಿಳಿಚಿತು. ವಿಯೆಟ್ನಾಮಿಗೆ ಎಂದ ಮೇಲೆ ಬಣ್ಣ ವಾಪಸು ಬಂದು, ಬಾಯಿ ಜೋರಾಯಿತು. “ಗಂಡ ಹಾಸಿಗೆ ಹಿಡಿದಿರಬೇಕಾದ್ರೆ ಮೋಜು ಮಾಡಕ್ಕೆ ಹೊಂಟೀಯ? ಜನ ಉಗೀತಾರೆ ಕಣೇ! ನನ್ನ ವಯಸ್ಸು ನೋಡು, ನನ್ನ ಸೊಂಟ ನೋಡು. ನನಗೆ ಹೊರಳ್ಸಕ್ಕೆ ಆಗ್ತತಾ?”

“ನಾಕು ಮಕ್ಕಳನ್ನ ಹೆತ್ತೋರು ನೀವು, ಕೈ ಚುರುಕೈತೆ” ಎಂದೆ.

ಗಂಡನ ಹತ್ತಿರ ಹೋಗಿ ನಿಂತೆ. ಹೋಗಿ ಬರುತ್ತೇನೆ ಎಂದೆ. ಒಂದು ಸದ್ದು ಮಾಡಿದ್ದರೆ, ಆ ಗಟ್ಟಿ ಎಡಗೈಯಿಂದ ನನ್ನ ಸೆರಗು ಹಿಡಿದಿದ್ದರೆ ನಾನು ಅಲ್ಲೇ ಕುಸಿದು ಕೂರುತ್ತಿದ್ದೆ, ಟಿಕೆಟ್ ಹರಿದು ಒಲೆಗೆ ಹಾಕುತ್ತಿದ್ದೆ. ಅವರು ಜಂತೆ ನೋಡುತ್ತ ಮಲಗಿದ್ದರು. ಕಾರು ಹತ್ತಿದೆ.

ದನಾಂಗಿನಲ್ಲಿ ಈ ಸಲ ಚಿಕ್ಕ ಮನೆ ಹಿಡಿದೆ. ಅಡುಗೆಮನೆಯ ಬಾಗಿಲು ತೆರೆಯಲಿಲ್ಲ. ಊರು ತಿರುಗಿದಾಗ ಗೊತ್ತಾಯಿತು, ಅಲ್ಲಿ ಓಣಿ ಓಣಿಗೂ ಸಸ್ಯಾಹಾರದ ಪುಟ್ಟ ಹೋಟೆಲುಗಳಿವೆ. ಅನ್ನ, ಸೊಪ್ಪು, ಹುರಿದ ಅಣಬೆ, ಸೋಯಾ ಗಿಣ್ಣು. ತಟ್ಟೆ ತುಂಬ ಹಾಕಿ ಕೊಡುವುದಕ್ಕೆ ಅವರು ಕೇಳುವುದು ನಮ್ಮ ಬಸ್‌ಸ್ಟ್ಯಾಂಡಿನ ತಿಂಡಿಯಷ್ಟೇ. ಒಂದಂತೂ ನಾವು ಮೊದಲು ಇದ್ದ ಕಟ್ಟಡದ ಬೆನ್ನಿಗೇ ಇತ್ತು. ಮೂರು ತಿಂಗಳು ಅದರ ಮಗ್ಗುಲಲ್ಲೇ ನಿಂತುಕೊಂಡು ನಾನು ರೊಟ್ಟಿ ತಟ್ಟಿದ್ದೆ. ಮೊದಲ ದಿನ ಸಿಟ್ಟಿಗೆ ಅರ್ಧ ತಟ್ಟೆ ಬಿಟ್ಟು ಎದ್ದೆ. ಎರಡನೆಯ ದಿನದಿಂದ ಚೆನ್ನಾಗಿ ಉಂಡೆ. ಹೊತ್ತು ಮುಳುಗುವ ತನಕ ಸಮುದ್ರದ ಮುಂದೆ ಕೂರುತ್ತಿದ್ದೆ.

ಅತ್ತಿಗೆ ದಿನಾ ವಿಡಿಯೊ ಕಾಲ್ ಮಾಡುತ್ತಿದ್ದರು. ಮೊದಮೊದಲು ಬೈಗುಳ, ಆಮೇಲೆ ಜೋರು ಅಳು, ಕೊನೆಕೊನೆಗೆ ಬರೀ ಗೋಗರೆತ. ಕೂದಲು ಬಾಚಿರುತ್ತಿರಲಿಲ್ಲ. ಸೆರಗಿಗೆ ಗಂಜಿ ಮೆತ್ತಿರುತ್ತಿತ್ತು. ಆಳುಗಳು ಅವರ ಹಿಂದೆಯೇ ಬೀಡಿ ಸೇದುತ್ತ ನಿಂತಿರುವುದೂ ಒಂದು ಸಲ ಕಂಡಿತು. ನನಗೆ ಖುಷಿಯಾಯಿತು. ನರ್ಸಾದ್ದರಿಂದ ಬೆನ್ನು ತೋರಿಸಿ ಎಂದು ಕೇಳಿ, ಹುಣ್ಣಾಗದಂತೆ ಹೇಗೆ ಹೊರಳಿಸಬೇಕು, ಎಲ್ಲಿ ದಿಂಬಿಡಬೇಕು ಎಂದು ಹೇಳಿ ಫೋನ್ ಇಡುತ್ತಿದ್ದೆ. ಬರುವ ಮಾತು ಮಾತ್ರ ಆಡುತ್ತಿರಲಿಲ್ಲ. ಅತ್ತಿಗೆ ಕರೆದರೆ ನಾನೇಕೆ ಹೋಗಲಿ? ಕರೆಯಬೇಕಾದವರು ಕರೆಯಲಿ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಮಾತು ತಾನಾಗಿಯೇ ಮರಳುತ್ತದೆ ಎಂದು ನನಗೆ ಗೊತ್ತಿತ್ತು. ಮಾತು ಬಂದ ದಿನ ಅವರು ನನ್ನನ್ನು ಬಾ ಎನ್ನುತ್ತಾರೆ, ನಾನು ಆಗಲ್ಲ ಎನ್ನುತ್ತೇನೆ ಎಂದು ಸಮುದ್ರದ ಮುಂದೆ ಕೂತು ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡಿದ್ದೆ. ಆಗಲ್ಲ ಎಂದ ಮೇಲೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಬಹುಶಃ ಮೊದಲ ವಿಮಾನವನ್ನೇ ಹತ್ತುತ್ತಿದ್ದೆ.

ಒಂದು ಬೆಳಿಗ್ಗೆ ನಾನು ದಂಡೆಯಲ್ಲಿ ಕೂತಿದ್ದಾಗ ಅತ್ತಿಗೆ ಅವಸರದಲ್ಲಿ ಕಾಲ್ ಮಾಡಿದರು. “ಮಾತು ಬಂತು ಕಣೇ! ಔಷಧಿ ಹತ್ತಿತು! ನಿನ್ನೆಯಿಂದ ಒಂದೊಂದೇ ಮಾತು ಆಡ್ತಾನೆ. ತಡಿ, ಅವನ ಕೈಲೇ ಕರೆಸ್ತೀನಿ, ಅವನು ಕರೆದ್ರೂ ಬರಲ್ವ ನೋಡ್ತೀನಿ” ಎಂದು ಫೋನನ್ನು ತಮ್ಮನ ಮುಖದ ಮುಂದೆ ಹಿಡಿದರು. ತಿಂಗಳುಗಳ ಮೇಲೆ ಅವರು ನನ್ನನ್ನು ನೇರವಾಗಿ ನೋಡಿದರು. ಗಡ್ಡ ಬೆಳೆದಿತ್ತು, ಆದರೆ ಕಣ್ಣು ಚೆನ್ನಾಗಿ ಕಂಡವು. ನನ್ನ ಹಿಂದೆ ಸಮುದ್ರ ಕಾಣುತ್ತಿತ್ತು, ಅದನ್ನೂ ನೋಡಿದರು.

“ಕರಿಯೋ, ಬಾ ಅನ್ನೋ. ನನ್ ಕೈಲಾಗಲ್ಲ ಕಣೋ ಇನ್ನು” ಎಂದು ಅತ್ತಿಗೆಯ ದನಿ ಪಕ್ಕದಿಂದ ಕೇಳಿತು.

ಅವರು ತುಟಿ ಆಡಿಸಿದರು. ನಾನು ಮೊಬೈಲನ್ನು ಕಿವಿಗೆ ಒತ್ತಿಕೊಂಡೆ, ಮುಖ ನೋಡಬೇಕೆನಿಸಿ ಮತ್ತೆ ದೂರ ಹಿಡಿದೆ.

“ಅಕ್ಕ... ಸಾಕು. ಅವ್ಳು ಬ್ಯಾಡ.”

ಒಂದೊಂದು ಅಕ್ಷರವೂ ಸ್ಪಷ್ಟವಿತ್ತು. ಅತ್ತಿಗೆ, “ಅಯ್ಯೋ ಮೂಳ, ಏನಂತೀಯೋ” ಎಂದು ಅತ್ತರು. ಅವರು ಎಡಗೈ ಎತ್ತಿ ಫೋನನ್ನು ಬದಿಗೆ ಸರಿಸಿದರು. ಜಂತೆ ಕಂಡಿತು, ಆಮೇಲೆ ಏನೂ ಕಾಣಲಿಲ್ಲ.

ನಾನು ಅಲ್ಲೇ ಕೂತಿದ್ದೆ. ಬೆನ್ನ ಹಿಂದೆ ಸಮುದ್ರ, ಕೈಯಲ್ಲಿ ಮೂರು ತಿಂಗಳ ವೀಸಾ, ಕಾಯುವ ಒಲೆಯಿಲ್ಲ, ಕೇಳುವವರಿಲ್ಲ. ಬಿಟ್ಟು ಬಂದವಳು ನಾನು ಎಂದುಕೊಂಡಿದ್ದೆ. ಒಂದು ಕೈ ಒಂದು ಕಾಲು ಬಿದ್ದು, ಮಲಗಿದಲ್ಲೇ ಮಲಗಿದ್ದರೂ, ಬಾಗಿಲು ಎಳೆದುಕೊಂಡು ಹೋದವರು ಅವರೇ.